ಇದು ಯಾವ ಮೀನು? ಕಣ್ಣು, ಬಾರ್‌ಕೋಡ್, ನೀರಿನ ಡಿಎನ್‌ಎ: ಯಾವುದನ್ನು ಯಾವಾಗ ಆರಿಸಬೇಕು

ಮೈಸೂರಿನ ಮೀನಂಗಡಿಗೆ ಎರಡು ದಿಕ್ಕಿನಿಂದ ಮೀನು ಬರುತ್ತದೆ. ಕರಾವಳಿಯಿಂದ ಐಸ್ ಪೆಟ್ಟಿಗೆಯಲ್ಲಿ ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ ಬರುತ್ತವೆ. ಕೆಆರ್‌ಎಸ್, ಕಬಿನಿ ಹಿನ್ನೀರು ಮತ್ತು ಮಂಡ್ಯದ ಕೆರೆಗಳಿಂದ ಕಾಟ್ಲಾ, ರೋಹು, ಜಿಲೇಬಿ, ಕುಚ್ಚು ಬರುತ್ತವೆ. ಹಾಗಾಗಿ ಕಡಲಿನ ಜೀವವೈವಿಧ್ಯವನ್ನು ಗಮನಿಸುವವರೂ ಕಾವೇರಿಯ ಮೀನುಗಳ ಪಟ್ಟಿ ಮಾಡುವವರೂ ಇದೇ ಊರಿನಲ್ಲಿ ಕೆಲಸ ಶುರು ಮಾಡಬಹುದು. ಮೊದಲು ತೀರ್ಮಾನಿಸಬೇಕಾದದ್ದು ಗುರುತಿಸುವ ವಿಧಾನ. ಡಿಎನ್‌ಎ ಬಾರ್‌ಕೋಡಿಂಗ್ (ಮೀನಿನ ಡಿಎನ್‌ಎಯ ಒಂದು ಚಿಕ್ಕ ಭಾಗ ಓದಿ ಪ್ರಭೇದ ಗುರುತಿಸುವುದು) ಎಂದ ಕೂಡಲೇ ಎಲ್ಲಕ್ಕೂ ಅದೇ ಉತ್ತರ ಎಂದು ಹೊರಡುವವರು ಬಹಳ. ಅದು ಸರಿಯಲ್ಲ. ಕೆಲವು ಕೆಲಸಕ್ಕೆ ಕಣ್ಣೇ ಸಾಕು, ಕೆಲವಕ್ಕೆ ಬಾರ್‌ಕೋಡ್ ಇಲ್ಲದೆ ಆಗದು, ಇನ್ನು ಕೆಲವಕ್ಕೆ ಬಾರ್‌ಕೋಡ್ ಮಾಡಿದರೂ ತಪ್ಪು ಹೆಸರೇ ಬರುತ್ತದೆ.

ಕಣ್ಣು ಎಲ್ಲಿಯವರೆಗೆ ಸಾಕು

ಮೀನು ಇಡಿಯಾಗಿ ಕೈಗೆ ಸಿಕ್ಕಿದ್ದರೆ ಮೊದಲು ಕಣ್ಣಿಗೆ ಕೆಲಸ ಕೊಡಿ. ಅಂಜಲ್‌ನ್ನೇ ನೋಡಿ. ಆ ಹೆಸರಿನಲ್ಲಿ ಕನಿಷ್ಠ ಎರಡು ಪ್ರಭೇದ ನಮ್ಮ ಅಂಗಡಿಗೆ ಬರುತ್ತವೆ. ಸ್ಕಾಂಬರೋಮೋರಸ್ ಕಾಮರ್ಸನ್‌ನ ಮೈಮೇಲೆ ಅಡ್ಡಡ್ಡ ಅಲೆಯಂಥ ಪಟ್ಟೆಗಳಿವೆ. ಅದರ ಪಾರ್ಶ್ವರೇಖೆ, ಅಂದರೆ ಮೈಯ ಪಕ್ಕದಲ್ಲಿ ಉದ್ದಕ್ಕೆ ಹೋಗುವ ಗೆರೆ, ಎರಡನೆಯ ಬೆನ್ನಿನ ರೆಕ್ಕೆ ಮುಗಿಯುವ ಜಾಗದ ಕೆಳಗೆ ಥಟ್ಟನೆ ಕೆಳಕ್ಕೆ ಬಾಗುತ್ತದೆ. ಸ್ಕಾಂಬರೋಮೋರಸ್ ಗುಟ್ಟಾಟಸ್‌ಗೆ ಪಟ್ಟೆಯ ಬದಲು ಸಾಲು ಸಾಲು ಚುಕ್ಕೆ, ಪಾರ್ಶ್ವರೇಖೆ ನಿಧಾನಕ್ಕೆ ಇಳಿಯುತ್ತದೆ. ಇದನ್ನು ಹೇಳಲು ಪ್ರಯೋಗಾಲಯ ಬೇಡ, ಒಳ್ಳೆಯ ಬೆಳಕು ಸಾಕು. ಅಂಗಡಿಯವರು ಅದೇ ಮೀನನ್ನು ಬೆರಳು ದಪ್ಪದ ತುಂಡು ಮಾಡಿಟ್ಟ ಮೇಲೆ ರೇಖೆಯ ಬಾಗು ಹೋಯಿತು, ರೆಕ್ಕೆ ಹೋಯಿತು, ಚುಕ್ಕೆ ಅರ್ಧ ಉಳಿಯಿತು. ಅಲ್ಲಿಗೆ ಕಣ್ಣಿನ ಕೆಲಸ ಮುಗಿದು ಡಿಎನ್‌ಎ ಕೆಲಸ ಶುರುವಾಗುತ್ತದೆ.

ಕಣ್ಣು ಸೋಲುವ ಜಾಗ ಇನ್ನೂ ಮೂರಿವೆ. ಮೊಟ್ಟೆ ಮತ್ತು ಮರಿ: ಕಡಲಲ್ಲಿ ಬಲೆ ಎಳೆದು ತಂದ ಮಿಲಿಮೀಟರ್ ಗಾತ್ರದ ಲಾರ್ವಾಗಳನ್ನು ಕುಟುಂಬದ ಮಟ್ಟಕ್ಕೆ ತಂದರೇ ದೊಡ್ಡದು. ಸಂಸ್ಕರಿಸಿದ ಮೀನು: ಒಣಮೀನು, ಡಬ್ಬಿ, ಚರ್ಮ ಸುಲಿದ ಫಿಲೆ. ಮೂರನೆಯದು ಒಂದೇ ರೂಪದ ಬೇರೆ ಬೇರೆ ಪ್ರಭೇದಗಳು. ಇದಕ್ಕೆ ಬಿಳಿ ಮಾಂಜಿಗಿಂತ ಒಳ್ಳೆಯ ಉದಾಹರಣೆ ಬೇಡ. ದಶಕಗಳ ಕಾಲ ನಮ್ಮ ಕಡಲಿನ ಬಿಳಿ ಮಾಂಜಿಯನ್ನು ಪ್ಯಾಂಪಸ್ ಆರ್ಜೆಂಟಿಯಸ್ ಎಂದೇ ಬರೆದರು. ಡಿಎನ್‌ಎ ಮತ್ತು ದೇಹರಚನೆ ಎರಡನ್ನೂ ಇಟ್ಟು ನೋಡಿದಾಗ ಉತ್ತರ ಹಿಂದೂ ಮಹಾಸಾಗರದ ಮೀನು ಬೇರೆಯೇ ಎಂದು ತಿಳಿದು, 2019ರಲ್ಲಿ ಪ್ಯಾಂಪಸ್ ಕ್ಯಾಂಡಿಡಸ್ ಎಂಬ ಹಳೆಯ ಹೆಸರಿಗೆ ಮತ್ತೆ ಜೀವ ಬಂತು.

ಕಣ್ಣಿನ ಗುರುತಿಗೆ ಬೇಕಾದದ್ದು ಶಿಸ್ತು. ಬೆನ್ನಿನ ಮತ್ತು ಗುದದ ರೆಕ್ಕೆಯ ಮುಳ್ಳು, ಕಡ್ಡಿಗಳ ಎಣಿಕೆ, ಪಾರ್ಶ್ವರೇಖೆಯ ಮೇಲಿನ ಹುರುಪೆಗಳ ಎಣಿಕೆ, ಕಿವಿರಿನ ಮೊದಲ ಕಮಾನಿನ ಮೇಲಿನ ಹಲ್ಲುಗಳ ಎಣಿಕೆ. ಇವನ್ನು ಹಾಳೆಯ ಮೇಲೆ ಬರೆಯದೆ "ಅಂಗಡಿಯವರು ಹೀಗಂದರು" ಎಂದು ದಾಖಲಿಸಿದರೆ ಆ ದಾಖಲೆಗೆ ಬೆಲೆಯಿಲ್ಲ. ಊರಿನ ಹೆಸರನ್ನೂ ಬರೆಯಿರಿ, ಅದು ಬೇರೆ ಕಾಲಮ್ಮಿನಲ್ಲಿರಲಿ. ಕಾವೇರಿ ದಡದಲ್ಲಿ ಬಿಳಿಮೀನು ಎಂದರೆ ಮಹಶೀರ್, ಮಾರುಕಟ್ಟೆಯಲ್ಲಿ ಅದೇ ಮಾತು ಯಾವ ಬೆಳ್ಳನೆಯ ಮೀನಿಗೂ ಆದೀತು.

ಸಿಒಐ ಬಾರ್‌ಕೋಡ್: ಒಂದು ಮೀನು, ಒಂದು ಹೆಸರು

ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಮುಂದಿಟ್ಟ ವಿಚಾರ ಸರಳವಾದದ್ದು. ಮೈಟೋಕಾಂಡ್ರಿಯಾದ ಸಿಒಐ ಎಂಬ ಜೀನ್‌ನ ಮೊದಲ ಭಾಗದ ಸುಮಾರು 650 ಅಕ್ಷರ (ಡಿಎನ್‌ಎಯ ಎ, ಟಿ, ಜಿ, ಸಿ) ಓದಿದರೆ ಹೆಚ್ಚಿನ ಪ್ರಾಣಿಗಳ ಪ್ರಭೇದ ತಿಳಿಯುತ್ತದೆ. ಮೀನಿಗೆ ಇದು ಎಷ್ಟು ಹೊಂದುತ್ತದೆ ಎಂಬುದನ್ನು 2005ರಲ್ಲಿ ಆಸ್ಟ್ರೇಲಿಯಾದ 207 ಪ್ರಭೇದಗಳ ಮೇಲೆ ಪರೀಕ್ಷಿಸಿದರು. ಒಂದೇ ಪ್ರಭೇದದ ಮೀನುಗಳ ನಡುವೆ ಸರಾಸರಿ ವ್ಯತ್ಯಾಸ ಶೇ 0.39, ಒಂದೇ ಕುಲದ ಬೇರೆ ಪ್ರಭೇದಗಳ ನಡುವೆ ಶೇ 9.93. ನಡುವಿನ ಈ ಕಂದರವೇ ಬಾರ್‌ಕೋಡ್‌ನ ಬಲ. ಭಾರತದ ಕಡಲ ಮೀನುಗಳಲ್ಲಿ 115 ಪ್ರಭೇದಗಳ ಬಾರ್‌ಕೋಡ್ 2011ರಲ್ಲಿ ಪ್ರಕಟವಾಯಿತು. ಅದರ ಹಿಂದೆ ಇದ್ದದ್ದು ಲಖನೌನ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋ.

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಪ್ರಯೋಗಾಲಯದಲ್ಲಲ್ಲ, ಮಾದರಿ ತೆಗೆಯುವ ಹಲಗೆಯ ಮೇಲೆ. ಮೀನನ್ನು ಎಡಗಡೆ ಮೇಲೆ ಬರುವಂತೆ ಮಲಗಿಸಿ, ಪಕ್ಕದಲ್ಲಿ ಅಳತೆಪಟ್ಟಿ ಮತ್ತು ನಂಬರ್ ಚೀಟಿ ಇಟ್ಟು ಫೋಟೋ ತೆಗೆಯಿರಿ. ಅಂಗಾಂಶವನ್ನು ಬಲಗಡೆಯಿಂದಲೇ ತೆಗೆಯಬೇಕು. ಎಡಗಡೆ ಹಾಗೇ ಉಳಿದರೆ ಮುಂದೆ ಯಾರಾದರೂ ಎಣಿಕೆ ಪರಿಶೀಲಿಸಬಹುದು. ಬದುಕಿರುವ, ಮತ್ತೆ ನೀರಿಗೆ ಬಿಡಬೇಕಾದ ಮೀನಾದರೆ ರೆಕ್ಕೆಯ ಅಂಚಿನ ಅರ್ಧ ಸೆಂಟಿಮೀಟರ್ ಚೂರು ಸಾಕು. ಅಂಗಡಿಯ ಮೀನಾದರೆ ರೆಕ್ಕೆ, ಹುರುಪೆ ಯಾವುದನ್ನೂ ನಂಬಬೇಡಿ. ಒಂದೇ ಬಕೆಟ್ ನೀರಿನಲ್ಲಿ ಬಂಗುಡೆ, ಬೂತಾಯಿ, ಸಿಗಡಿ ಎಲ್ಲ ತೊಳೆದಿರುತ್ತಾರೆ. ಒಂದರ ಲೋಳೆ ಇನ್ನೊಂದಕ್ಕೆ ಅಂಟಿರುತ್ತದೆ. ಬೆನ್ನಿನ ಬಲಭಾಗದಲ್ಲಿ ಚರ್ಮ ಸೀಳಿ ಹಿಂದಕ್ಕೆ ಸರಿಸಿ, ಬೇರೆ ಬ್ಲೇಡ್ ಹಿಡಿದು, ಒಳಗಿನ ಮಾಂಸದಿಂದ ಅವರೆಕಾಳಿನಷ್ಟು ತೆಗೆಯಿರಿ. ಡಿಎನ್‌ಎ ಬಿಡಿಸಲು ಬೇಕಾಗುವುದು 25 ಮಿಲಿಗ್ರಾಂ ಮಾತ್ರ, ಉಳಿದದ್ದು ಮೀಸಲು. ಎರಡು ಮೀನಿನ ನಡುವೆ ಚಿಮಟ, ಕತ್ತರಿಯನ್ನು ಬ್ಲೀಚ್ ದ್ರಾವಣದಲ್ಲಿ ಅದ್ದಿ, ನೀರಿನಲ್ಲಿ ತೊಳೆದು, ಎಥನಾಲ್ ಒರೆಸಿ ಜ್ವಾಲೆಗೆ ಹಿಡಿಯಬೇಕು. ಬರಿಯ ಎಥನಾಲ್ ಒರೆಸಿದರೆ ಡಿಎನ್‌ಎ ಹೋಗುವುದಿಲ್ಲ.

ಚೂರನ್ನು ಶೇ 95ರ ಎಥನಾಲ್‌ನಲ್ಲಿ ಹಾಕಿ. ಮಾಂಸ ಒಂದು ಪಾಲು, ಎಥನಾಲ್ ಹತ್ತು ಪಾಲು. ಮಾಂಸದ ನೀರು ಎಥನಾಲನ್ನು ತೆಳುವಾಗಿಸುವುದರಿಂದ ಮರುದಿನ ಹಳೆಯದನ್ನು ಚೆಲ್ಲಿ ಹೊಸದು ತುಂಬಬೇಕು. ಇದನ್ನು ಬಿಟ್ಟವರ ಮಾದರಿಗಳು ಬೇಸಿಗೆಯಲ್ಲಿ ಹಾಳಾಗುತ್ತವೆ. ಶುದ್ಧ ಎಥನಾಲ್‌ಗೆ ಅಬಕಾರಿ ಪರವಾನಗಿ ಬೇಕಾದ್ದರಿಂದ ಕಾಲೇಜುಗಳು ಅದನ್ನು ಮೊದಲೇ ಹೊಂದಿಸಿಕೊಳ್ಳಬೇಕು. ಅದಿಲ್ಲದಿದ್ದರೆ ಶೇ 20 ಡಿಎಂಎಸ್‌ಒ, 0.25 ಮೋಲಾರ್ ಇಡಿಟಿಎ ಬೆರೆಸಿ ಉಪ್ಪು ಕರಗದೆ ತಳದಲ್ಲಿ ನಿಲ್ಲುವ ತನಕ ಹಾಕಿದ ದ್ರಾವಣವೂ ನಡೆಯುತ್ತದೆ, ಅದಕ್ಕೆ ಫ್ರಿಜ್ ಕೂಡ ಬೇಡ. ಫಾರ್ಮಲಿನ್ ಮಾತ್ರ ಖಂಡಿತ ಬೇಡ. ಅದು ಡಿಎನ್‌ಎಯನ್ನು ಪ್ರೋಟೀನಿಗೆ ಹೆಣೆದುಬಿಡುತ್ತದೆ, ಆಮೇಲೆ ಉದ್ದನೆಯ ಎಳೆ ಸಿಗುವುದಿಲ್ಲ. ಮ್ಯೂಸಿಯಂಗೆ ಇಡೀ ಮೀನನ್ನು ಫಾರ್ಮಲಿನ್‌ನಲ್ಲಿ ಇಡಬೇಕಿದ್ದರೆ, ಚೂರು ತೆಗೆದ ನಂತರವೇ ಇಡಿ.

ಡಿಎನ್‌ಎ ಬಿಡಿಸಲು ಕಾಲಮ್ ಕಿಟ್ ಶುದ್ಧವಾದದ್ದು, ಖರ್ಚಿನದು. ತಾಜಾ ಮೀನಿಗೆ ಕ್ಷಾರದ ವಿಧಾನ ಧಾರಾಳ ಸಾಕು: ರಾಗಿಕಾಳಿನಷ್ಟು ರೆಕ್ಕೆಯನ್ನು 25 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಮತ್ತು 0.2 ಮಿಲಿಮೋಲಾರ್ ಇಡಿಟಿಎ ಇರುವ 75 ಮೈಕ್ರೋಲೀಟರ್ ದ್ರಾವಣದಲ್ಲಿ 95 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ತಣಿಸಿ, 40 ಮಿಲಿಮೋಲಾರ್ ಟ್ರಿಸ್ ಅಷ್ಟೇ ಪ್ರಮಾಣದಲ್ಲಿ ಹಾಕಿದರೆ ಮುಗಿಯಿತು. ಹೀಗೆ ತೆಗೆದ ಡಿಎನ್‌ಎ ವರ್ಷಗಟ್ಟಲೆ ಇಡಲು ಬರುವುದಿಲ್ಲ. ಒಂದೆರಡು ವಾರದಲ್ಲಿ ಪಿಸಿಆರ್ (ಬೇಕಾದ ಡಿಎನ್‌ಎ ತುಂಡಿನ ನಕಲುಗಳನ್ನು ಹೆಚ್ಚಿಸುವ ವಿಧಾನ) ಮಾಡಿ ಮುಗಿಸಿ.

ಪಿಸಿಆರ್ 25 ಮೈಕ್ರೋಲೀಟರ್‌ನದು: ಮಾಸ್ಟರ್ ಮಿಕ್ಸ್ 12.5, ಎರಡೂ ಪ್ರೈಮರ್ (ನಕಲು ಶುರುವಾಗುವ ಜಾಗ ಹಿಡಿಯುವ ಚಿಕ್ಕ ಡಿಎನ್‌ಎ ತುಂಡು) ತಲಾ 1, ಡಿಎನ್‌ಎ 2, ಉಳಿದದ್ದು ನೀರು. ಮೀನಿಗೆಂದೇ ರೂಪಿಸಿದ ಫಿಶ್-ಎಫ್1, ಫಿಶ್-ಆರ್1 ಜೋಡಿ ಮೊದಲ ಆಯ್ಕೆ, ಅದು ಹಿಡಿಯದಿದ್ದರೆ ಫಿಶ್-ಎಫ್2, ಫಿಶ್-ಆರ್2. 95 ಡಿಗ್ರಿಯಲ್ಲಿ 2 ನಿಮಿಷ; ನಂತರ 94ರಲ್ಲಿ 30 ಸೆಕೆಂಡ್, 54ರಲ್ಲಿ 30 ಸೆಕೆಂಡ್, 72ರಲ್ಲಿ 1 ನಿಮಿಷ, ಹೀಗೆ 35 ಸುತ್ತು; ಕೊನೆಗೆ 72ರಲ್ಲಿ 10 ನಿಮಿಷ. ಶೇ 1.5ರ ಅಗರೋಸ್ ಜೆಲ್‌ನಲ್ಲಿ 700 ಅಕ್ಷರದ ಆಸುಪಾಸು ಒಂದೇ ಪಟ್ಟಿ ಬರಬೇಕು. ಡಿಎನ್‌ಎ ಹಾಕದ ಟ್ಯೂಬಿನಲ್ಲೂ ಪಟ್ಟಿ ಬಂದರೆ ಆ ದಿನದ ಎಲ್ಲ ಫಲಿತಾಂಶ ಕೈಬಿಡಿ. ಒಂದೆರಡನ್ನು ಉಳಿಸಿಕೊಳ್ಳುವ ಆಸೆಯೇ ತಪ್ಪು ಹೆಸರುಗಳ ಮೂಲ. ಪಟ್ಟಿಯೇ ಬರದಿದ್ದರೆ ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಪ್ರಯತ್ನಿಸಿ. ಬಹಳ ಸಲ ಡಿಎನ್‌ಎ ಕಡಿಮೆಯಾಗಿ ಅಲ್ಲ, ತಡೆಯುವ ಕಲ್ಮಶ ಹೆಚ್ಚಾಗಿ ಪಿಸಿಆರ್ ನಿಂತಿರುತ್ತದೆ.

ಸ್ಯಾಂಗರ್ ಓದನ್ನು (ಒಂದು ತುಂಡಿನ ಅಕ್ಷರಗಳನ್ನು ಸಾಲಾಗಿ ಓದುವ ವಿಧಾನ) ಎರಡೂ ಕಡೆಯಿಂದ ಮಾಡಿಸಿ. ಬೆಂಗಳೂರಿನ ಪ್ರಯೋಗಾಲಯಗಳಿಗೆ ಮೈಸೂರಿನಿಂದ ಅದೇ ದಿನ ಕಳಿಸಬಹುದು, ಒಂದು ಓದಿಗೆ ಕೆಲವು ನೂರು ರೂಪಾಯಿ. ಬಂದ ಗ್ರಾಫನ್ನು ಕಣ್ಣಾರೆ ನೋಡಬೇಕು, ಅಕ್ಷರದ ಫೈಲ್ ಒಂದನ್ನೇ ನಂಬಿ ಕೂರಬಾರದು. ಮೊದಲ 30 ಅಕ್ಷರ ಕಲಸಿರುವುದು ಸಹಜ, ಕತ್ತರಿಸಿ ಬಿಡಿ. ಆರಂಭದಿಂದ ಕೊನೆಯವರೆಗೆ ಹಲವು ಜಾಗದಲ್ಲಿ ಎರಡೆರಡು ಶಿಖರ ಇದ್ದರೆ ಎರಡು ಮೀನಿನ ಡಿಎನ್‌ಎ ಬೆರೆತಿದೆ. ಮತ್ತೆ ಮಾಂಸದಿಂದ ಶುರು ಮಾಡಬೇಕು. ನಂತರ ಅಕ್ಷರಗಳನ್ನು ಕಶೇರುಕಗಳ ಮೈಟೋಕಾಂಡ್ರಿಯಾ ಸಂಕೇತದಲ್ಲಿ ಪ್ರೋಟೀನಿಗೆ ಅನುವಾದಿಸಿ ನೋಡಿ. ನಡುವೆ ನಿಲುಗಡೆ ಸಂಕೇತ (ಪ್ರೋಟೀನ್ ಇಲ್ಲಿಗೆ ಮುಗಿಯಿತು ಎನ್ನುವ ಗುರುತು) ಬಂದರೆ ಓದಿದ್ದು ತಪ್ಪು, ಇಲ್ಲವೇ ನೀವು ಹಿಡಿದಿರುವುದು ಕೋಶಕೇಂದ್ರಕ್ಕೆ ಸೇರಿಕೊಂಡ ಸತ್ತ ಪ್ರತಿ. ಸಾಮಾನ್ಯ ಸಂಕೇತ ಬಳಸಿ ಅನುವಾದಿಸಿದರೆ ಸರಿಯಿರುವುದೂ ತಪ್ಪೆಂದು ಕಾಣುತ್ತದೆ, ಅದನ್ನು ಗಮನಿಸಿ.

ಹೆಸರು ಬರುವುದು ಎಲ್ಲಿಂದ

ಬೋಲ್ಡ್ ಅಥವಾ ಜೆನ್‌ಬ್ಯಾಂಕ್‌ನಲ್ಲಿ (ಎಲ್ಲರೂ ಓದಿದ ಡಿಎನ್‌ಎ ಅಕ್ಷರಗಳನ್ನು ಇಟ್ಟಿರುವ ಸಾರ್ವಜನಿಕ ಸಂಗ್ರಹಗಳು) ಹುಡುಕಿದಾಗ ಶೇ 99.8 ಹೊಂದಿಕೆ ಎಂದು ಬಂದರೆ, ಅದರ ಅರ್ಥ ನಿಮ್ಮ ಮೀನು ಇನ್ನಾರೋ ಹೆಸರಿಟ್ಟ ಮೀನನ್ನು ಹೋಲುತ್ತದೆ ಎಂದಷ್ಟೇ. ಅವರು ಇಟ್ಟ ಹೆಸರು ತಪ್ಪಾಗಿದ್ದರೆ ನಿಮ್ಮದೂ ತಪ್ಪು. ಮೇಲೆ ಹೇಳಿದ ಮಾಂಜಿಯ ಅಕ್ಷರಗಳು ಹಳೆಯ ಹೆಸರಿನಲ್ಲೇ ಸಂಗ್ರಹದಲ್ಲಿ ಕೂತಿವೆ. ಆದ್ದರಿಂದ ಮೊದಲ ಸಾಲಿನ ಹೆಸರನ್ನು ನಕಲು ಮಾಡದೆ ಮೊದಲ ಇಪ್ಪತ್ತು ಸಾಲು ಓದಿ. ಎರಡು ಹೆಸರು ಬೆರೆತು ಬಂದರೆ, ಯಾವ ದಾಖಲೆಗೆ ಫೋಟೋ ಇದೆ, ಮ್ಯೂಸಿಯಂ ನಂಬರ್ ಇದೆ, ಹಿಡಿದ ಜಾಗ ಇದೆ ಎಂದು ನೋಡಿ ಅದಕ್ಕೆ ತೂಕ ಕೊಡಿ. ಶೇ 98ರ ಮೇಲೆ ಸರಿ ಎಂಬ ರೂಢಿಯ ಗೆರೆ ಮೊದಲ ಸೋಸುವಿಕೆಗೆ ಸಾಕು, ತೀರ್ಪಿಗೆ ಸಾಲದು. ಟ್ಯೂನಾ ಕುಲದ ಕೆಲವು ಪ್ರಭೇದಗಳ ಸಿಒಐ ಬಹಳ ಹತ್ತಿರ. ಅಲ್ಲಿ ಮೈಟೋಕಾಂಡ್ರಿಯಾದ ಕಂಟ್ರೋಲ್ ರೀಜನ್ ಅಥವಾ ಕೋಶಕೇಂದ್ರದ ಐಟಿಎಸ್1 ಎಂಬ ಭಾಗವನ್ನೂ ಓದಬೇಕು.

ನಮ್ಮ ನದಿಯಲ್ಲೇ ಇದರ ಪಾಠವಿದೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, ಭೀಮೇಶ್ವರಿ ಕಡೆಯ ಕಾವೇರಿಯಲ್ಲಿ ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ದೊಡ್ಡ ಮಹಶೀರ್ ಜಗತ್ತಿಗೆಲ್ಲ ಗೊತ್ತಿತ್ತು, ಆದರೆ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರಿರಲಿಲ್ಲ. ಹಳೆಯ ಪಟ್ಟಿಗಳಲ್ಲಿ ಟಾರ್ ಮುಸುಲ್ಲಾ ಎಂಬ ಹೆಸರು ಅಂಟಿಕೊಂಡಿತ್ತು. ಕಾವೇರಿಯ ಉಪನದಿ ಪಾಂಬಾರ್‌ನಿಂದ 2007ರಲ್ಲಿ ವಿವರಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು 2018ರಲ್ಲಿ ದೇಹರಚನೆ, ಡಿಎನ್‌ಎ ಎರಡರಿಂದಲೂ ಸಿದ್ಧವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅತಿ ಗಂಭೀರ ಅಪಾಯದ ಪಟ್ಟಿಗೆ ಸೇರಿಸಿತು. ಹೆಸರೇ ಇಲ್ಲದ ಮೀನನ್ನು ಕಾಪಾಡಲು ಯಾವ ಕಾಗದವೂ ಹುಟ್ಟುವುದಿಲ್ಲ. ಈ ಕೆಲಸದ ಬಗ್ಗೆ ನಮಗಿರುವ ಕಾಳಜಿಯ ಬೇರು ಇಲ್ಲಿದೆ.

ಇನ್ನೊಂದು ಕುರುಡು ಜಾಗವನ್ನು ಮರೆಯಬಾರದು. ಮೈಟೋಕಾಂಡ್ರಿಯಾ ತಾಯಿಯಿಂದ ಮಾತ್ರ ಬರುತ್ತದೆ. ಮರಿ ಉತ್ಪಾದನಾ ಕೇಂದ್ರಗಳಲ್ಲಿ ರೋಹು ಹೆಣ್ಣಿಗೆ ಕಾಟ್ಲಾ ಗಂಡು ಸೇರಿ ಹುಟ್ಟಿದ ಮಿಶ್ರತಳಿಯನ್ನು ಬಾರ್‌ಕೋಡ್ ಅಪ್ಪಟ ರೋಹು ಎಂದೇ ಹೇಳುತ್ತದೆ. ಕೆರೆಯ ಜಿಲೇಬಿಯಲ್ಲೂ ಮೊಸಾಂಬಿಕ್ ಮತ್ತು ನೈಲ್ ಪ್ರಭೇದಗಳ ಬೆರಕೆಗೆ ಇದೇ ತೊಂದರೆ. ಮಿಶ್ರತಳಿಯ ಶಂಕೆಯಿದ್ದರೆ ಕೋಶಕೇಂದ್ರದ ಗುರುತುಗಳೇ ಬೇಕು.

ಒಣಮೀನು, ಡಬ್ಬಿ ಮತ್ತು ರಾಶಿ ಮಾದರಿ

ಸಂತೆಯ ಒಣಮೀನು, ಮಸಾಲೆ ಹಾಕಿ ಬೇಯಿಸಿದ್ದು, ಡಬ್ಬಿಯದು ಇವುಗಳಲ್ಲಿ ಡಿಎನ್‌ಎ ತುಂಡುತುಂಡಾಗಿರುತ್ತದೆ. 650 ಅಕ್ಷರಕ್ಕೆ ಹಠ ಹಿಡಿಯದೆ 100ರಿಂದ 200 ಅಕ್ಷರದ ಮಿನಿ ಬಾರ್‌ಕೋಡ್ ಆರಿಸಿ. ಕುಲದ ಮಟ್ಟಕ್ಕೆ ಇದು ಸಾಮಾನ್ಯವಾಗಿ ಸಾಕು, ಪ್ರಭೇದದ ಮಟ್ಟಕ್ಕೆ ಎಲ್ಲ ಗುಂಪುಗಳಲ್ಲೂ ಸಾಲದು. ನೂರಾರು ಮೀನು ಒಟ್ಟಿಗೆ ಇದ್ದರೆ ನ್ಯಾನೋಪೋರ್ (ಅನೇಕ ಡಿಎನ್‌ಎ ಎಳೆಗಳನ್ನು ಒಟ್ಟಿಗೆ ಓದುವ ಯಂತ್ರ) ಲೆಕ್ಕಕ್ಕೆ ಬರುತ್ತದೆ: ಪ್ರತಿ ಮೀನಿನ ಪ್ರೈಮರ್‌ಗೆ ಬೇರೆ ಬೇರೆ ಗುರುತುಬಾಲ ಸೇರಿಸಿ, ಎಲ್ಲವನ್ನೂ ಬೆರೆಸಿ ಒಂದೇ ಸಲ ಓದಿ, ಆಮೇಲೆ ಕಂಪ್ಯೂಟರಿನಲ್ಲಿ ಬಿಡಿಸಿಕೊಳ್ಳುವುದು. ಹತ್ತಿಪ್ಪತ್ತು ಮೀನಿಗೆ ಸ್ಯಾಂಗರೇ ಅಗ್ಗ, ಸುಲಭ. ಒಂದೇ ಅಕ್ಷರ ಐದಾರು ಸಲ ಸಾಲಾಗಿ ಬಂದ ಕಡೆ ನ್ಯಾನೋಪೋರ್ ಎಣಿಕೆ ತಪ್ಪುವುದುಂಟು. ಪ್ರತಿ ಮೀನಿಗೆ ಹಲವಾರು ಓದುಗಳನ್ನು ಜೋಡಿಸಿ ಒಮ್ಮತದ ಸಾಲು ತೆಗೆಯದೆ ಬಳಸಬೇಡಿ.

ನೀರಿನಿಂದ ಪಟ್ಟಿ

ಮೀನು ಹಿಡಿಯದೆ ನೀರು ಮಾತ್ರ ತಂದು, ಅದರಲ್ಲಿ ಉದುರಿದ ಲೋಳೆ, ಮಲ, ಚರ್ಮದ ಡಿಎನ್‌ಎಯಿಂದ ಪಟ್ಟಿ ಮಾಡುವುದು ಮೂರನೆಯ ದಾರಿ. ಇಲ್ಲಿ ಸಿಒಐ ನಡೆಯುವುದಿಲ್ಲ, ಪ್ಲವಕ ಮತ್ತು ಬ್ಯಾಕ್ಟೀರಿಯಾಗಳ ಡಿಎನ್‌ಎ ಮೀನನ್ನು ಮುಳುಗಿಸಿಬಿಡುತ್ತದೆ. ಜಪಾನಿನ ತಂಡ 2015ರಲ್ಲಿ ಪ್ರಕಟಿಸಿದ ಮೈಫಿಶ್ ಪ್ರೈಮರ್‌ಗಳು ಮೈಟೋಕಾಂಡ್ರಿಯಾದ 12ಎಸ್ ಜೀನ್‌ನ ಸುಮಾರು 170 ಅಕ್ಷರ ಓದುತ್ತವೆ. ಮೂಳೆಮೀನುಗಳಿಗೆ ಒಂದು ಜೋಡಿ, ತಾಟೆ ಮತ್ತು ತೊರಕೆಗಳಿಗೆ ಇನ್ನೊಂದು. ಚಿಕ್ಕ ತುಂಡಾದ್ದರಿಂದ ಹತ್ತಿರದ ಪ್ರಭೇದಗಳು ಒಂದೇ ಎಂದು ಬರುತ್ತವೆ. ನಮ್ಮ ಮೀನುಗಳ 12ಎಸ್ ದಾಖಲೆ ಸಿಒಐಗಿಂತ ಕಡಿಮೆ.

ಪ್ರತಿ ಜಾಗದಿಂದ ಒಂದೊಂದು ಲೀಟರ್‌ನ ಮೂರು ಬಾಟಲಿ ತೆಗೆಯಿರಿ. ನದಿಯಾದರೆ ಹರಿವಿಗೆ ಎದುರಾಗಿ ನಿಂತು, ನಿಮ್ಮ ಕಾಲಿಗಿಂತ ಮೇಲ್ಭಾಗದ ನೀರು ತುಂಬಬೇಕು. ನಾಲ್ಕನೆಯ ಬಾಟಲಿಯಲ್ಲಿ ಮನೆಯಿಂದ ತಂದ ಶುದ್ಧ ನೀರಿರಲಿ. ಅದನ್ನು ಅಲ್ಲೇ ತೆರೆದು, ಮುಚ್ಚಿ, ಉಳಿದವುಗಳ ಜತೆಗೇ ಸೋಸಿ. ಅದರಲ್ಲಿ ಮೀನು ಕಂಡರೆ ತಪ್ಪು ನಿಮ್ಮ ಕೈಯದು. 0.45 ಮೈಕ್ರಾನ್ ಫಿಲ್ಟರ್ ಕಡಲ ನೀರಿಗೆ ಚೆನ್ನ. ಮಳೆಗಾಲದ ಕೆಂಪು ಕಾವೇರಿಗೆ, ಪಾಚಿ ಹಸಿರಿನ ಕೆರೆಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ದೊಡ್ಡ ರಂಧ್ರದ ಫಿಲ್ಟರ್ ಹಾಕಿ, ಎಷ್ಟು ಮಿಲಿಲೀಟರ್ ಸೋಸಿತೆಂದು ಬರೆದಿಡಿ. ಕುಕ್ಕರಹಳ್ಳಿಯಂಥ ಕೆರೆಯ ನೀರಿನಲ್ಲಿ ಹ್ಯೂಮಿಕ್ ಆಮ್ಲ ಪಿಸಿಆರ್ ತಡೆಯುತ್ತದೆ, ಆ ತಡೆ ತಗ್ಗಿಸುವ ಬಿಎಸ್‌ಎ ಎಂಬ ಪ್ರೋಟೀನ್ ಸೇರಿಸಿ. ಕರಾವಳಿಗೆ ಹೋಗುವವರು ನೀರನ್ನು ಮೈಸೂರಿಗೆ ಹೊತ್ತು ತರಬೇಡಿ. ಅಲ್ಲೇ ಸೋಸಿ, ಫಿಲ್ಟರನ್ನು ಎಥನಾಲ್‌ನಲ್ಲಿ ತನ್ನಿ.

ನೀರಿನ ಫಲಿತಾಂಶ ಓದುವಾಗ ಬಹಳ ಎಚ್ಚರ ಬೇಕು. ಮಂಡ್ಯದ ನಾಲೆಯ ನೀರಿನಲ್ಲಿ ಬಂಗುಡೆ ಸಿಕ್ಕಿತೆಂದರೆ ಬಂಗುಡೆ ಅಲ್ಲಿ ಈಜುತ್ತಿಲ್ಲ. ಯಾರದೋ ಮನೆಯ ಸಾರಿನ ಪಾತ್ರೆ ತೊಳೆದ ನೀರು ಚರಂಡಿ ಸೇರಿದೆ. ಬಂಗುಡೆಯಾದರೆ ತಪ್ಪು ತಕ್ಷಣ ಕಾಣುತ್ತದೆ. ರೋಹು ಕಂಡರೆ? ಅದು ನದಿಯದೋ ಅಡುಗೆಮನೆಯದೋ ಹೇಳಲು ದಾರಿಯಿಲ್ಲ. ಹಕ್ಕಿಗಳು ಮೀನು ತಿಂದು ಹಿಕ್ಕೆ ಹಾಕುವ ರಂಗನತಿಟ್ಟಿನಲ್ಲಂತೂ ಬೇರೆ ಕಡೆಯ ಮೀನೂ ಪಟ್ಟಿಗೆ ಬರಬಹುದು. ಡಿಎನ್‌ಎ ಮೇಲಿನಿಂದ ಹರಿದೂ ಬರುತ್ತದೆ. ಮೀನಿನ ಗಾತ್ರ, ವಯಸ್ಸು, ಸಂಖ್ಯೆ, ಬದುಕಿದೆಯೋ ಸತ್ತಿದೆಯೋ ಯಾವುದೂ ತಿಳಿಯದು. ಓದುಗಳ ಸಂಖ್ಯೆಯನ್ನು ಮೀನುಗಳ ಸಂಖ್ಯೆ ಎಂದು ಬರೆಯುವುದು ಈ ವಿಧಾನದಲ್ಲಿ ನಾವು ಕಾಣುವ ದೊಡ್ಡ ತಪ್ಪು.

ಒಂದೇ ಮೀನಿನ ಪ್ರಶ್ನೆಯಿದ್ದರೆ, ಉದಾಹರಣೆಗೆ ಆಫ್ರಿಕನ್ ಕ್ಯಾಟ್‌ಫಿಶ್ ಈ ಕೆರೆಗೆ ನುಗ್ಗಿದೆಯೇ ಎಂದಾದರೆ, ಇಡೀ ಪಟ್ಟಿಯ ಖರ್ಚು ಬೇಡ. ಆ ಪ್ರಭೇದಕ್ಕೆಂದೇ ಮಾಡಿದ ಕ್ಯೂಪಿಸಿಆರ್ (ನಕಲು ಹೆಚ್ಚುವಾಗಲೇ ಡಿಎನ್‌ಎ ಪ್ರಮಾಣ ಅಳೆಯುವ ಪಿಸಿಆರ್) ಸಾಕು, ಕಡಿಮೆ ಡಿಎನ್‌ಎಯನ್ನೂ ಅದು ಹಿಡಿಯುತ್ತದೆ.

ಹಾಗಾದರೆ ಯಾವುದು

ಇಡೀ ಮೀನು ಕೈಯಲ್ಲಿದ್ದು ಅದು ಬಂಗುಡೆಯಂಥ ಪರಿಚಿತ ಮೀನಾದರೆ ಕಣ್ಣು. ತುಂಡು, ಮರಿ, ಅನುಮಾನದ ಮೀನಾದರೆ ಸಿಒಐ. ಒಣಗಿದ್ದು, ಬೆಂದದ್ದಾದರೆ ಮಿನಿ ಬಾರ್‌ಕೋಡ್. ಬಲೆ ಹಾಕಲಾಗದ ಜಾಗ, ವರ್ಷವಿಡೀ ಬದಲಾವಣೆ ಗಮನಿಸುವ ಕೆಲಸವಾದರೆ ನೀರು. ಮೈಸೂರು, ಮಂಡ್ಯದ ಕಾಲೇಜು ಅಥವಾ ಗ್ರಾಮದ ಜೀವವೈವಿಧ್ಯ ನಿರ್ವಹಣಾ ಸಮಿತಿ ಹೊಸದಾಗಿ ಶುರು ಮಾಡುವುದಿದ್ದರೆ ನೀರಿನಿಂದ ಆರಂಭಿಸಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೊದಲ ವರ್ಷ ಮೀನುಗಳನ್ನೇ ಹಿಡಿದು, ಎಣಿಕೆ ಮಾಡಿ, ಒಂದೇ ಮೀನಿನಿಂದ ಸಿಒಐ ಮತ್ತು 12ಎಸ್ ಎರಡನ್ನೂ ಓದಿಸಿ ನಿಮ್ಮದೇ ಸಂಗ್ರಹ ಕಟ್ಟಿ. ಎರಡನೆಯ ವರ್ಷ ನೀರಿನಿಂದ ಬರುವ ಅಕ್ಷರಗಳಿಗೆ ಹೆಸರು ಕೊಡುವುದು ಆ ಸಂಗ್ರಹವೇ.

ಅನುಮತಿಗಳನ್ನು ಮೊದಲೇ ಪಡೆಯಿರಿ. ರಂಗನತಿಟ್ಟು, ಕಾವೇರಿ ವನ್ಯಜೀವಿಧಾಮದೊಳಗೆ ಮಾದರಿ ತೆಗೆಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ತಿಮಿಂಗಿಲ ತಾಟೆ, ಗರಗಸ ಮೀನು ಮುಂತಾದವು ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ಅವುಗಳ ಚೂರನ್ನೂ ಒಪ್ಪಿಗೆಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಅಂಗಾಂಶವನ್ನು ವಿದೇಶದ ಪ್ರಯೋಗಾಲಯಕ್ಕೆ ಕಳಿಸುವ ಮುನ್ನ 2002ರ ಜೀವವೈವಿಧ್ಯ ಕಾಯ್ದೆಯಂತೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೆಯಬೇಕು.

ಚೂರು ತೆಗೆದ ಮೇಲೆ ಆ ಮೀನನ್ನು ಎಸೆಯಬೇಡಿ. ಶೇ 10ರ ಫಾರ್ಮಲಿನ್‌ನಲ್ಲಿ ಗಟ್ಟಿಯಾಗುವವರೆಗೆ ಇಡಿ; ದೊಡ್ಡ ಮೀನಾದರೆ ಹೊಟ್ಟೆಯ ಬಲಭಾಗ ಸ್ವಲ್ಪ ಸೀಳಿ ದ್ರಾವಣ ಒಳಗೆ ಹೋಗುವಂತೆ ಮಾಡಿ. ನಂತರ ನೀರಿನಲ್ಲಿ ನೆನೆಸಿ ತೊಳೆದು ಶೇ 70ರ ಎಥನಾಲ್‌ಗೆ ಬದಲಿಸಿ. ಟ್ಯೂಬಿನ ಮೇಲಿನ ನಂಬರನ್ನೇ ದಪ್ಪ ಕಾಗದದ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜಾಡಿಯ ಒಳಗೆ ಹಾಕಿ. ಮಾರ್ಕರ್ ಪೆನ್ನಿನ ಬರಹ ಎಥನಾಲ್ ತಗುಲಿದರೆ ಅಳಿಸಿಹೋಗುತ್ತದೆ, ಜಾಡಿಯ ಹೊರಗೆ ಅಂಟಿಸಿದ ಚೀಟಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಉದುರುತ್ತದೆ.